ಪಟ್ಟದ ಗೊಂಬೆಯ ಪೆಟ್ಟಿಗೆ

ಬಜೆಯ ವಾಸನೆ ಮೂಗಿಗೆ ಬಡಿದರೆ ನನ್ನ ಕೈ ಈಗಲೂ ತಾನಾಗಿಯೇ ಒಂದು ಬಿಳಿ ಪಂಚೆಗಾಗಿ ತಡಕಾಡುತ್ತದೆ. ಮೊನ್ನೆಯೂ ಹಾಗೇ ಆಯಿತು. ನವರಾತ್ರಿಗೆ ನಾಲ್ಕು ದಿನ ಇರುವಾಗ ಅಟ್ಟದಿಂದ ಹಸಿರು ಬಣ್ಣದ ತಗಡಿನ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ. ಹುಳ ಹಿಡಿಯದಿರಲಿ ಎಂದು ಹಾಕಿದ್ದ ಬಜೆ ಬೇರು, ಒಣಗಿದ ಬೇವಿನ ಎಲೆ, ಹಳೆ ಸೀರೆಯ ತುಂಡು, ಎಲ್ಲ ಸೇರಿದ ಆ ವಾಸನೆ ಒಮ್ಮೆಲೇ ಎದ್ದು ಬಂತು. ಸೀರೆಯ ತುಂಡಿನೊಳಗೆ ರಾಜ ರಾಣಿ ಮಲಗಿದ್ದರು. ಮದುವೆಯಲ್ಲಿ ತವರಿನವರು ಮಗಳ ಜೊತೆ ಕಳಿಸುವ ಮರದ ಜೋಡಿ ಅದು, ಪಟ್ಟದ ಗೊಂಬೆ. ಈ ಜೋಡಿ ನನ್ನದಲ್ಲ, ಶ್ವೇತಾಳದು. ನಾಲ್ಕು ವರ್ಷದಿಂದ ನನ್ನ ಮನೆಯಲ್ಲಿದೆ.

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ರವಿಕೆ ಹೊಲಿಯಲು ಕೂತು ಇಪ್ಪತ್ತೆರಡು ವರ್ಷವಾಯಿತು. ಅಳತೆ ಬರೆಯುವ ಉದ್ದನೆಯ ಪುಸ್ತಕವನ್ನು ನಮ್ಮ ಯಜಮಾನರೇ ಹೊಲಿದು ಕೊಡುತ್ತಾರೆ. ದೇವರಾಜ ಮೊಹಲ್ಲಾದಲ್ಲಿ ಅವರದೊಂದು ಸಣ್ಣ ಬೈಂಡಿಂಗ್ ಅಂಗಡಿಯಿದೆ. ಹೆಮ್ಮಿಂಗ್, ಹುಕ್ಕು, ಕಾಜಾ ಎಲ್ಲ ಲಿಲ್ಲಿಯ ಕೆಲಸ. ಮಂಡಿ ಮೊಹಲ್ಲಾದ ಮನೆಯಿಂದ ಹೊರಟು, ದಾರಿಯಲ್ಲಿ ಚರ್ಚಿಗೆ ಹೋಗಿ, ಹತ್ತು ಗಂಟೆಗೆ ನಮ್ಮಲ್ಲಿಗೆ ಬಂದರೆ ಸಂಜೆಯವರೆಗೆ ಕಿಟಕಿಯ ಪಕ್ಕ ಕೂತು ಕೈಹೊಲಿಗೆ ಹಾಕುತ್ತಾಳೆ. ಅವಳದು ಮಾತು ಕಡಿಮೆ. ನಾನು ಅದಕ್ಕೆ ತದ್ವಿರುದ್ಧ. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ನನಗೆ ಅರೆ ನಿಮಿಷವೂ ಬೇಡ. ಅದಕ್ಕೆ ನೇರ ಸ್ವಭಾವ ಎಂದು ಹೆಸರಿಟ್ಟುಕೊಂಡು ಹೆಮ್ಮೆಯಿಂದ ಓಡಾಡುತ್ತಿದ್ದೆ. ನಾಲ್ಕು ವರ್ಷದ ಹಿಂದೆ ನನ್ನ ನೇರ ಸ್ವಭಾವದ ಏಟು ಬೇರೊಬ್ಬಳ ಮೇಲೆ ಬಿತ್ತು.

ಶ್ವೇತಾ ನಮ್ಮಿಂದ ಎರಡು ರಸ್ತೆ ಆಚೆಯ ಕಮಲಮ್ಮನವರ ಸೊಸೆ. ಅವರದು ಅರಮನೆಯಲ್ಲಿ ಕೆಲಸ ಮಾಡಿದ ಹಿರಿಯರ ಮನೆತನ. ಹಜಾರದ ತುಂಬ ಪೇಟ ಸುತ್ತಿದವರ ಫೋಟೊಗಳು. ಮಗ ಪ್ರಸನ್ನ ಇನ್ಶೂರೆನ್ಸ್ ಕಂಪನಿಯಲ್ಲಿ ಆಫೀಸರ್. ರಸ್ತೆಯಲ್ಲಿ ಯಾರು ಎದುರಾದರೂ ಸ್ಕೂಟರ್ ನಿಧಾನಿಸಿ ನಮಸ್ಕಾರ ಹೇಳುವವನು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವನು. ಅವನಂಥ ಮಗ ನಮಗೂ ಇದ್ದಿದ್ದರೆ ಎಂದು ನಾನೇ ಎಷ್ಟು ಸಲ ಅಂದಿದ್ದೆನೋ.

ಆ ವರ್ಷದ ಆಷಾಢದಲ್ಲಿ ಜಡಿಮಳೆ ಹಿಡಿದುಕೊಂಡಿತ್ತು. ಒಂದು ಮಧ್ಯಾಹ್ನ ಶ್ವೇತಾ ದಿನ ಉಡುವ ಎರಡು ಸೀರೆಗಳ ರವಿಕೆ ಬಟ್ಟೆ ತಂದಳು. ಅಳತೆಗೆ ಕೊಡುತ್ತಿದ್ದ ಹಳೆ ರವಿಕೆ ಸಡಿಲವಾಗಿದೆ, ಹೊಸದಾಗಿ ಅಳತೆ ತೆಗೆಯಿರಿ ಅಂದಳು. ತೋಳಿಗೆ ಟೇಪ್ ಸುತ್ತಿದ ಕೂಡಲೇ ಕೈ ಹಿಂದಕ್ಕೆಳೆದುಕೊಂಡಳು. ಮೊಣಕೈಯಿಂದ ಸ್ವಲ್ಪ ಮೇಲೆ ನಾಲ್ಕು ಬೆರಳಿನ ಗುರುತಿತ್ತು. ಅದರ ಪಕ್ಕದಲ್ಲೇ ಹಳದಿಗೆ ತಿರುಗಿದ ಇನ್ನೊಂದು ಹಳೆಯ ಗುರುತು.

"ಏನಮ್ಮ ಇದು?"

"ಬಚ್ಚಲಲ್ಲಿ ಜಾರ್ಬುಟ್ಟೆ ಅಕ್ಕ."

"ಬಚ್ಚಲಿಗೆ ಬೆರಳಿರುತ್ತೇನೇ?"

"ತೋಳು ಮೊಣಕೈವರೆಗೂ ಇಡಿ ಅಕ್ಕ, ಹತ್ತೂವರೆ ಇಂಚು" ಅಂದು ಕೊಡೆ ಬಿಡಿಸಿಕೊಂಡು ಹೋದಳು. ನಾನು ಹಳೆಯ ಅಳತೆ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಅವಳ ಹೆಸರು ಹುಡುಕಿದೆ. ಮದುವೆಯಾಗಿ ಬಂದ ವರ್ಷ ತೋಳು ಐದು ಇಂಚು. ಎರಡು ವರ್ಷದ ಮೇಲೆ ಏಳು. ಆಮೇಲೆ ಒಂಬತ್ತು. ಈಗ ಹತ್ತೂವರೆ. ಎಲ್ಲ ನನ್ನ ಕೈಬರಹವೇ. ಈಗಿನವರಿಗೆ ಉದ್ದ ತೋಳು ಫ್ಯಾಶನ್ ಎಂದುಕೊಂಡು ಏಳು ವರ್ಷ ಬರೆದಿದ್ದೆ. ನನ್ನ ಬಗ್ಗೆಯೇ ನನಗೆ ಅಸಹ್ಯವಾಯಿತು.

ರವಿಕೆ ಒಯ್ಯಲು ಬಂದ ದಿನ ಅವಳೇ ಬಾಗಿಲು ಮುಂದೆ ಮಾಡಿ ಕೂತಳು. ಹೊಲಿಗೆ ಯಂತ್ರ ಓಡಿಸುತ್ತಲೇ ಇರಿ, ಹೊರಗೆ ಮಾತು ಕೇಳಿಸದ ಹಾಗೆ ಅಂದಳು. ನಾನು ಬೇಡದ ಬಟ್ಟೆಯ ಮೇಲೆ ಸುಮ್ಮನೆ ಹೊಲಿಗೆ ಹಾಕುತ್ತಾ ಕೇಳಿಸಿಕೊಂಡೆ.

"ಮುಖಕ್ಕೆ ಕೈ ಹಾಕಲ್ಲ ಅಕ್ಕ. ಹೊರಗೆ ಕಾಣೋ ಕಡೆ ಹೊಡೆಯೋದೇ ಇಲ್ಲ. ಆಮೇಲೆ ಅವರೇ ಮುಲಾಮು ತಂದು ಹಚ್ತಾರೆ, ನೀನು ಹಿಂಗೆ ಮಾಡಿಸ್ತೀಯಲ್ಲ ನನ್ನ ಕೈಲಿ ಅಂತಾರೆ. ಹೋದ ವಾರ ಕುತ್ತಿಗೆ ಹಿಡಿದ್ರು. ಕಣ್ಣು ಕತ್ತಲೆ ಬಂತು. ಅವತ್ತಿಂದ ಭಯ ಆಗ್ತಿದೆ."

ಬಿ.ಎಡ್. ಮುಗಿಸಿದ್ದಳು. ಕೆಲಸಕ್ಕೆ ಹೋಗುತ್ತೇನೆ ಅಂದದ್ದಕ್ಕೆ ಸರ್ಟಿಫಿಕೇಟುಗಳನ್ನೆಲ್ಲ ಅವನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ತಾಯಿ ಇಲ್ಲ. ಅಣ್ಣನ ಮನೆಗೆ ಎರಡು ಸಲ ಹೋಗಿದ್ದಳು, ಎರಡು ಸಲವೂ ಅಣ್ಣ ತಾನೇ ಕರೆತಂದು ಬಿಟ್ಟು, ಭಾವನ ಜೊತೆ ಊಟ ಮಾಡಿ ಹೋಗಿದ್ದ. ಎದ್ದು ಹೋಗುವಾಗ ಅವಳು ಕೇಳಿದ್ದು ಒಂದೇ ಮಾತು.

"ಯಾರಿಗೂ ಹೇಳ್ಬೇಡಿ ಅಕ್ಕ. ಯೋಚನೆ ಮಾಡೋಕೆ ನಂಗೆ ಟೈಮ್ ಬೇಕು."

ಆಯ್ತು ಕಣಮ್ಮ ಅಂದೆ. ಮೂರು ದಿನ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಕಮಲಮ್ಮನವರ ಮುಂದೆ ಹೋಗಿ ನಿಂತೆ. ಇಪ್ಪತ್ತು ವರ್ಷದ ಪರಿಚಯ, ಅವರೂ ಹೆಣ್ಣು, ಹಿರಿಯರು ಗದರಿದರೆ ಮಗ ತಗ್ಗುತ್ತಾನೆ ಎಂದುಕೊಂಡಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ ಅಲ್ಲವೇ, ಏನಾದರೂ ಕೆಟ್ಟರೆ ದೊಡ್ಡವರನ್ನು ಕರೆದು ಬುದ್ಧಿ ಹೇಳಿಸುವುದು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಕಮಲಮ್ಮನವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು. "ನಾನು ನೋಡ್ಕೋತೀನಿ ಸುಮಿತ್ರ" ಅಂದರು. ಹಗುರವಾಗಿ ಮನೆಗೆ ಬಂದೆ. ಒಂದು ಹೆಣ್ಣನ್ನು ಉಳಿಸಿದೆ ಎಂದು ಲಿಲ್ಲಿಯ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ.

ಲಿಲ್ಲಿ ಸೂಜಿ ನಿಲ್ಲಿಸಿದಳು. "ಅವಳನ್ನ ಕೇಳಿ ಹೋದ್ರಾ ಅಕ್ಕ?"

"ಅವಳನ್ನೇನು ಕೇಳೋದು, ಹೆದರ್ಕೊಂಡಿದ್ದಾಳೆ ಪಾಪ."

ಲಿಲ್ಲಿ ಮತ್ತೆ ಹೆಮ್ಮಿಂಗಿಗೆ ತಲೆ ಬಗ್ಗಿಸಿದಳು.

ಮಾರನೆಯ ದಿನ ಪ್ರಸನ್ನ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ಮುಗಿದು, ನಗುತ್ತಲೇ ನಿಂತ. "ಸುಮಿತ್ರಮ್ಮ, ಅಳತೆ ತೊಗೊಳ್ಳೋದು ನಿಮ್ಮ ಕೆಲಸ. ಅಷ್ಟು ಮಾಡಿ ಸಾಕು" ಅಂದ. ದನಿ ಒಂದಿಷ್ಟೂ ಏರಲಿಲ್ಲ. ಅದಾದ ಎರಡು ದಿನಕ್ಕೆ ತರಕಾರಿ ಗಾಡಿಯ ಹತ್ತಿರ ಅತ್ತೆಯ ಹಿಂದೆ ನಿಂತಿದ್ದ ಶ್ವೇತಾಳನ್ನು ಕಂಡೆ. ಎಡಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿದ್ದರು. ಬಾಗಿಲಿಗೆ ಸಿಕ್ಕಿಹಾಕಿಕೊಂಡಿತು ಎಂದು ಕಮಲಮ್ಮನವರೇ ನಾನು ಕೇಳದಿದ್ದರೂ ಹೇಳಿದರು. ಶ್ವೇತಾ ನನ್ನ ಕಡೆ ನೋಡಲಿಲ್ಲ. ಆ ಬೆರಳುಗಳನ್ನು ಮುರಿದವನು ಅವನು. ಆದರೆ ಅವನಿಗೆ ಸುದ್ದಿ ಮುಟ್ಟಿಸಿದವಳು ನಾನು. ಎಷ್ಟು ಜನ ಸಮಾಧಾನ ಹೇಳಿದರೂ ಈ ಮಾತು ಬದಲಾಗುವುದಿಲ್ಲ.

ಆಮೇಲೆ ಅವಳು ಹೊರಗೆ ಕಾಣಿಸುವುದೇ ನಿಂತುಹೋಯಿತು. ಫೋನ್ ಅವನ ಕೈಗೆ ಹೋಗಿತ್ತು. ನಾನು ಅಳುತ್ತಾ ಕೂತಿದ್ದಾಗ ಲಿಲ್ಲಿ ಮೊದಲ ಬಾರಿಗೆ ತನ್ನ ಅಕ್ಕನ ಕಥೆ ಹೇಳಿದಳು.

"ನಮ್ಮಕ್ಕಂಗೂ ಇಂಗೇ ಆಗಿತ್ತು. ನಾವೂ ಪಂಚಾಯ್ತಿ ಸೇರಿಸಿದ್ವಿ. ಎರಡು ಸಲ ಬುದ್ಧಿ ಹೇಳಿ ವಾಪಸ್ ಕಳಿಸಿದ್ವಿ. ಮೂರನೇ ಸಲ ಅವಳೇ ಅಂದ್ಳು, ನೀವೆಲ್ಲ ಮಾತಾಡಿದ್ದು ಸಾಕು, ನಂಗೇನು ಬೇಕು ಅಂತ ಒಬ್ಬರಾದ್ರೂ ಕೇಳಿ ಅಂತ. ಅವತ್ತು ಕೇಳಿದ್ದಕ್ಕೆ ಇವತ್ತು ಬದುಕಿದ್ದಾಳೆ."

ಮಹಿಳೆಯರ ಸಹಾಯವಾಣಿಗೆ ನಮ್ಮ ಯಜಮಾನರ ಅಂಗಡಿಯಿಂದ ಫೋನ್ ಮಾಡಿದ್ದೂ ಲಿಲ್ಲಿಯೇ. ಆ ಕಡೆ ಮಾತಾಡಿದ ಹೆಂಗಸು ನನಗೆ ಬೈಯಲಿಲ್ಲ, ಅದೇ ಆಶ್ಚರ್ಯ. ಗಂಡನನ್ನು ಕೆಣಕಬೇಡಿ, ಕುತ್ತಿಗೆಗೆ ಕೈ ಹಾಕಿದ್ದಾನೆ ಅಂದರೆ ಜೀವಕ್ಕೇ ಅಪಾಯ, ಬಿಟ್ಟು ಹೊರಡುವ ಹೊತ್ತು ಎಲ್ಲಕ್ಕಿಂತ ಅಪಾಯದ್ದು, ಹೊರಡುವುದೋ ಬೇಡವೋ ಯಾವಾಗ ಎಂಬುದನ್ನು ಅವರೇ ತೀರ್ಮಾನಿಸಲಿ, ನೀವು ಅವರಿಗೆ ಸಿಗುವ ಹಾಗೆ ಇರಿ. ಇಷ್ಟನ್ನು ನಿಧಾನವಾಗಿ ಎರಡು ಸಲ ಹೇಳಿದರು. ಸಿಗುವ ಹಾಗೆ ಇರುವುದು ಹೇಗೆ? ಆ ಮನೆಯ ಬಾಗಿಲನ್ನು ನಾನೇ ಮುಚ್ಚಿಸಿದ್ದೆನಲ್ಲ.

ಹಾಗಾಗಿ ನಾನು ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ಭಾನುವಾರ ಬೆಳಿಗ್ಗೆ ಪ್ರಸನ್ನ ಮನೆಯಲ್ಲಿರುವ ಹೊತ್ತು ನೋಡಿಕೊಂಡು ಹೋಗಿ, ತಾಯಿ ಮಗ ಇಬ್ಬರ ಮುಂದೆ ಕೈ ಕಟ್ಟಿ ನಿಂತು, "ನನ್ನದು ತಪ್ಪಾಯ್ತು. ಇಲ್ಲದ್ದನ್ನ ಊಹೆ ಮಾಡ್ಕೊಂಡು ಬಾಯಿಗೆ ಬಂದ ಹಾಗೆ ಮಾತಾಡ್ಬುಟ್ಟೆ" ಅಂದೆ. ಅವನು ಪೇಪರ್ ಮಡಿಸಿಟ್ಟು, "ಹೋಗ್ಲಿ ಬಿಡಿ ಸುಮಿತ್ರಮ್ಮ, ವಯಸ್ಸಾಗ್ತಾ ಮನಸ್ಸಿಗೆ ಏನೇನೋ ತೋಚುತ್ತೆ" ಅಂದು ಕಾಫಿ ಕುಡಿಸಿಯೇ ಕಳಿಸಿದ. ಆ ಕಾಫಿಯನ್ನು ತಂದಿಟ್ಟವಳು ಶ್ವೇತಾ. ಲೋಟ ಕೊಡುವಾಗ ಅವಳ ಮುಖದಲ್ಲಿ ನನ್ನ ಬಗ್ಗೆ ತಿರಸ್ಕಾರ ತುಂಬಿತ್ತು. ನಿಜ ಹೇಳುವ ಹಾಗಿರಲಿಲ್ಲ. ಕುಡಿದು ಎದ್ದು ಬಂದೆ.

ಕ್ಷಮೆ ಕೇಳಿದ್ದು ಕೆಲಸ ಮಾಡಿತು. ಎರಡು ವಾರದ ಮೇಲೆ ಪ್ರಸನ್ನನೇ ಅತ್ತೆ ಸೊಸೆಯರ ನಾಲ್ಕು ರವಿಕೆಗಳನ್ನು ಆಲ್ಟರ್ ಮಾಡಲು ತಂದುಕೊಟ್ಟ. ಚೀಲದಲ್ಲಿ ಶ್ವೇತಾಳ ಅಳತೆ ರವಿಕೆಯೂ ಇತ್ತು. ಸಂಜೆ ಲಿಲ್ಲಿ ಅದರ ತೋಳಿನ ಮಡಿಕೆಯಲ್ಲಿ ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಿ, ಹೊಲಿಗೆ ಬಿಚ್ಚಿ ನನ್ನನ್ನು ಹತ್ತಿರ ಕರೆದಳು. ಮಡಿಕೆಯೊಳಗೆ ಸುರುಳಿ ಸುತ್ತಿದ ಚೀಟಿಯಿತ್ತು.

"ಅಕ್ಕ, ನೀವು ಯಾಕೆ ಕ್ಷಮೆ ಕೇಳಿದಿರಿ ಅಂತ ಆಮೇಲೆ ಅರ್ಥ ಆಯಿತು. ಒಳ್ಳೆಯದಕ್ಕೇ ಮಾಡಿದಿರಿ, ಆದರೆ ಆವತ್ತು ನನ್ನನ್ನು ಕೇಳಬೇಕಿತ್ತು. ಅವರಿಗೆ ಇನ್ನೇನೂ ಹೇಳಬೇಡಿ."

ಉತ್ತರ ಬರೆಯಲು ಮೂರು ಕಾಗದ ಹರಿದೆ. ಮೊದಲನೆಯದರಲ್ಲಿ ಸಲಹೆಯೇ ತುಂಬಿತ್ತು, ಎರಡನೆಯದರಲ್ಲಿ ಅಳು. ಕೊನೆಗೆ ಒಂದೇ ಸಾಲು ಬರೆದೆ. "ನಿನಗೆ ಏನು ಬೇಕು ಹೇಳು." ಲಿಲ್ಲಿ ಅದನ್ನು ಅದೇ ಮಡಿಕೆಯೊಳಗಿಟ್ಟು ಹೊಲಿದಳು.

ಭಾದ್ರಪದವೆಲ್ಲ ಹೀಗೆ ರವಿಕೆಗಳು ಹೋಗಿಬಂದವು. ಅವಳಿಗೆ ಬೇಕಾದದ್ದು ಸ್ಪಷ್ಟವಾಗಿತ್ತು, ಒಂದು ಕೆಲಸ ಮತ್ತು ಮಲಗಲು ಒಂದು ಜಾಗ. ಲಿಲ್ಲಿಯ ಚಿಕ್ಕಮ್ಮನ ಮಗಳು ಬೇರೊಂದು ಊರಿನಲ್ಲಿ ಹೆಂಗಸರ ಹಾಸ್ಟೆಲಿನ ವಾರ್ಡನ್. ಯಾವ ಊರು ಎಂದು ಈಗಲೂ ಬರೆಯುವುದಿಲ್ಲ. ಅಲ್ಲಿಯ ಶಾಲೆಯೊಂದಕ್ಕೆ ದಸರಾ ರಜೆ ಮುಗಿದ ಮೇಲೆ ಟೀಚರ್ ಬೇಕಿತ್ತು. ಆದರೆ ಮೊದಲು ಒರಿಜಿನಲ್ ಸರ್ಟಿಫಿಕೇಟ್ ನೋಡಬೇಕು ಅಂದರು. ಅಂದರೆ ಅವಳು ಹೊರಡುವುದಕ್ಕಿಂತ ಮುಂಚೆ ಕಾಗದಗಳು ಹೊರಡಬೇಕು. ರವಿಕೆಯ ತೋಳಿನಲ್ಲಿ ಅಂಕಪಟ್ಟಿ ಹಿಡಿಸುವುದಿಲ್ಲ. ಚೀಲವನ್ನು ಪ್ರಸನ್ನನೇ ಕೊಡವಿ ನೋಡಿ ತರುತ್ತಿದ್ದ.

ದಾರಿ ಹುಡುಕಿದವಳು ಅವಳೇ. ಹಿಂದಿನ ಮಾಘದಲ್ಲಿ ಅವಳ ಮಾವ ತೀರಿಕೊಂಡಿದ್ದರು. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲ, ಗೊಂಬೆ ಕೂರಿಸುವಂತಿಲ್ಲ. ಆದರೆ ತವರಿಂದ ಬಂದ ಪಟ್ಟದ ಗೊಂಬೆ ಒಂದು ವರ್ಷವೂ ಕೂರದೆ ಇರಬಾರದು ಎಂಬುದು ನಮ್ಮಲ್ಲಿ ಎಲ್ಲ ಹೆಂಗಸರ ನಂಬಿಕೆ. ತಾಯಿ ಕೊಟ್ಟದ್ದು, ಸುಮಿತ್ರಕ್ಕನ ಮನೆಯಲ್ಲಾದರೂ ಕೂರಿಸಿ ಬರುತ್ತೇನೆ ಎಂದು ಅತ್ತೆಯನ್ನು ಕೇಳಿದಳು. ಸಂಪ್ರದಾಯದ ಮಾತಾದ್ದರಿಂದ ಕಮಲಮ್ಮನವರು ಒಪ್ಪಿದರು. ತಾಯಿಯ ಮಾತೆಂದು ಮಗನೂ ಒಪ್ಪಿದ. ಅವನು ಬೀಗದ ಕೈ ಬಿಟ್ಟು ಸ್ನಾನಕ್ಕೆ ಹೋದ ಹೊತ್ತುಗಳಲ್ಲಿ ಬೀರುವಿನಿಂದ ಒಂದೊಂದೇ ಕಾಗದ ತೆಗೆದು, ಫೈಲಿನ ದಪ್ಪ ಕಡಿಮೆಯಾಗದಂತೆ ಹಳೆಯ ಪಾಲಿಸಿ ಫಾರಂ ತುಂಬಿದೆ, ಎಲ್ಲ ಗೊಂಬೆ ಪೆಟ್ಟಿಗೆಯ ತಳದ ಪೇಪರಿನ ಕೆಳಗಿದೆ ಎಂದು ಕೊನೆಯ ಚೀಟಿ ಹೇಳಿತು.

ಪಾಡ್ಯದ ಬೆಳಿಗ್ಗೆ ಆ ಪೆಟ್ಟಿಗೆಯನ್ನು ಸ್ಕೂಟರಿನ ಮೇಲೆ, ಎರಡು ಕಾಲಿನ ನಡುವೆ ಇಟ್ಟುಕೊಂಡು ತಂದವನು ಪ್ರಸನ್ನನೇ. ಹಿಂದೆ ಶ್ವೇತಾ ಕೂತಿದ್ದಳು. ಬರುವುದು ಅವಳೊಬ್ಬಳೇ ಎಂದು ನಾವಂದುಕೊಂಡಿದ್ದೆವು. "ಭಾರ ಇದೆ, ಅವಳ ಕೈಲಿ ಆಗಲ್ಲ" ಅನ್ನುತ್ತಾ ತಾನೇ ಹಜಾರಕ್ಕೆ ಹೊತ್ತು ತಂದು ಇಳಿಸಿದ. ನಂತರ ಗಿರಾಕಿಗಳ ಕುರ್ಚಿಯಲ್ಲಿ ಕಾಲು ಚಾಚಿ ಕೂತ. "ನಡೀಲಿ, ನಾನೂ ನೋಡ್ತೀನಿ."

ನಾನು ಕಾಫಿ ಕೊಟ್ಟೆ. ಶ್ವೇತಾ ಮಂಡಿಯೂರಿ ಮುಚ್ಚಳ ತೆಗೆದಳು. ಬಜೆಯ ವಾಸನೆ ಹಜಾರ ತುಂಬಿತು. ರಾಣಿಯನ್ನು ತೆಗೆದಳು, ರಾಜನನ್ನು ತೆಗೆದಳು, ಸೀರೆಯ ತುಂಡು ಬಿಡಿಸಿ ಮುಖ ಒರೆಸಿದಳು. ಎರಡು ಬೆರಳು ಇನ್ನೂ ಸರಿಯಾಗಿ ಮಡಿಚುತ್ತಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಹಳೆ ಪೇಪರ್ ಹಾಸು ಕಾಣುತ್ತಿತ್ತು. ಒಂದು ಮೂಲೆ ಸ್ವಲ್ಪ ಎದ್ದಿತ್ತು. ನನ್ನ ಕಣ್ಣಿಗೆ ಆ ಮೂಲೆ ಬಿಟ್ಟು ಬೇರೇನೂ ಬೀಳಲಿಲ್ಲ.

ಅವನು ಲೋಟ ಕೆಳಗಿಟ್ಟು ಎದ್ದ. "ಸರಿ, ಖಾಲಿ ಪೆಟ್ಟಿಗೆ ವಾಪಸ್ ತೊಗೊಂಡು ಹೋಗ್ತೀನಿ. ಅಪ್ಪನ ಪುಸ್ತಕಗಳನ್ನ ತುಂಬಿಡೋಕೆ ಅಮ್ಮ ಕೇಳ್ತಿದ್ರು."

ಶ್ವೇತಾಳ ಕೈ ರಾಜನ ಮೇಲೆಯೇ ನಿಂತಿತು. ಒಳಕೋಣೆಯಲ್ಲಿ ಲಿಲ್ಲಿಯ ಕತ್ತರಿಯ ಸದ್ದೂ ನಿಂತಿತು. ಅವನು ಬಗ್ಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕುತ್ತಿದ್ದ. ಹಳೆಯ ನಾನಾಗಿದ್ದರೆ ಕೂಗಿಬಿಡುತ್ತಿದ್ದೆ. ಆ ಕೂಗು ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಗೊಂಬೆಯ ಮೆಟ್ಟಿಲಿಗೆಂದು ತೆಗೆದಿಟ್ಟಿದ್ದ ಬಿಳಿ ಪಂಚೆ ಕೈಗೆ ಸಿಕ್ಕಿತು.

"ಅಯ್ಯೋ ಬಿಡಿ ಪ್ರಸನ್ನ, ಪೆಟ್ಟಿಗೆ ಎಲ್ಲಿಗೆ ಹೋಗುತ್ತೆ? ಅದೇ ಅಲ್ವಾ ಇವರಿಗೆ ಮೆಟ್ಟಿಲು?" ಅಂದು ಮುಚ್ಚಳ ಹಾಕಿ, ಪಂಚೆ ಹರವಿದೆ. "ಕೂರಿಸಮ್ಮ, ರಾಹುಕಾಲ ಬರೋದ್ರೊಳಗೆ."

ನಮ್ಮ ಕಡೆ ಗೊಂಬೆಯ ಮೆಟ್ಟಿಲೆಂದರೆ ಏನು, ಟ್ರಂಕು, ಡಬ್ಬ, ಹಲಗೆ, ಮೇಲೊಂದು ಬಿಳಿ ಪಂಚೆ. ಅವನ ಮನೆಯಲ್ಲೂ ಹಾಗೇ. ಶ್ವೇತಾ ಒಂದು ಕ್ಷಣವೂ ತಡ ಮಾಡದೆ ರಾಣಿಯನ್ನಿಟ್ಟಳು, ರಾಜನನ್ನಿಟ್ಟಳು. ನಾನು ಕುಂಕುಮ ಹಚ್ಚಿ ಆರತಿ ಬೆಳಗಿದೆ. ಕೂರಿಸಿದ ಪಟ್ಟದ ಗೊಂಬೆಯನ್ನು ವಿಜಯದಶಮಿಯವರೆಗೆ ಅಲುಗಿಸುವಂತಿಲ್ಲ, ಅದು ಅವನಿಗೂ ಗೊತ್ತು. ಅವನು ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿದ. ಆಮೇಲೆ ಆರತಿಗೆ ಕೈ ಚಾಚಿ ಕಣ್ಣಿಗೊತ್ತಿಕೊಂಡ. ಹೆಂಡತಿಯ ಸರ್ಟಿಫಿಕೇಟುಗಳಿಗೆ ನಮಸ್ಕಾರ ಮಾಡಿ ಹೋದ ಎಂದು ಲಿಲ್ಲಿ ಆಮೇಲೆ ಹೇಳಿದಾಗ ನಾನು ನಗುತ್ತಾ ಅತ್ತೆ.

ಆ ಸಂಜೆ ಬಾಗಿಲು ಹಾಕಿ, ಗೊಂಬೆಗಳಿಗೆ ತಪ್ಪಾಯಿತೆಂದು ಹೇಳಿ, ನನ್ನ ಜೀವನದಲ್ಲಿ ಮೊದಲ ಬಾರಿಗೆ ಕೂರಿಸಿದ ಜೋಡಿಯನ್ನು ಎತ್ತಿದೆ. ಕಾಗದಗಳನ್ನು ತೆಗೆದು ಮತ್ತೆ ಕೂರಿಸಿದೆ. ಲಿಲ್ಲಿ ಅವನ್ನು ಒಯ್ದು ಶಾಲೆಯಲ್ಲಿ ತೋರಿಸಿ ಬಂದಳು. ಮಧ್ಯೆ ಎರಡು ಸಂಜೆ ಶ್ವೇತಾ ಅತ್ತೆಯ ಜೊತೆ ಆರತಿಗೆ ಬಂದಳು. ಕುಂಕುಮ ಕೊಡುವ ನೆಪದಲ್ಲಿ ನಾನು ಕೆಲಸ ಸಿಕ್ಕಿತು ಎಂದು ಪಿಸುಗುಟ್ಟಿದೆ. ಅವಳು ರೆಪ್ಪೆ ಕೂಡ ಅಲುಗಿಸಲಿಲ್ಲ.

ಹೊರಡುವ ದಿನವನ್ನೂ ಅವಳೇ ಆರಿಸಿ ಆ ಕೊನೆಯ ಚೀಟಿಯಲ್ಲಿ ಬರೆದಿದ್ದಳು. ಜಂಬೂಸವಾರಿಯ ದಿನ. ಪ್ರಸನ್ನ ಆಫೀಸಿನವರ ಜೊತೆ ಬೆಳಿಗ್ಗೆ ಹನ್ನೊಂದಕ್ಕೇ ಹೋಗಿ ಜಾಗ ಹಿಡಿಯುತ್ತಾನೆ, ಆ ಜನಜಂಗುಳಿಯಿಂದ ಸಂಜೆಯವರೆಗೆ ಹೊರಬರಲಾಗುವುದಿಲ್ಲ. ಪೇಟೆಯ ರಸ್ತೆಗಳು ಮುಚ್ಚಿರುತ್ತವೆಂದು ಲಿಲ್ಲಿ ತಮ್ಮ ಚರ್ಚಿನ ಕಡೆಯ ಗೊತ್ತಿರುವ ಆಟೋದವರಿಗೆ ರಿಂಗ್ ರೋಡಿನ ದಾರಿ ಹೇಳಿದ್ದಳು. ಬಸ್ಸನ್ನು ಊರ ಹೊರಗೆ ಹತ್ತುವುದೆಂದು ಗೊತ್ತಾಗಿತ್ತು. ಬಟ್ಟೆಯ ಚೀಲ ನನ್ನ ಹೊಲಿಗೆ ಯಂತ್ರದ ಕೆಳಗೆ ಸಿದ್ಧವಿತ್ತು. ಎಲ್ಲ ನಾನೇ ಹೊಲಿದ ಹೊಸ ಬಟ್ಟೆಗಳು.

ಒಂದೂವರೆಗೆ ಶ್ವೇತಾ ಕಡೇ ದಿನದ ಆರತಿಗೆಂದು ಹೇಳಿ ಒಬ್ಬಳೇ ಬಂದಳು. ಕೂಡಲೇ ಹೊರಡಬೇಕಿತ್ತು. ಆದರೆ ಅವಳು ಗೊಂಬೆಗಳ ಮುಂದೆ ನಿಂತುಬಿಟ್ಟಳು.

"ಅಮ್ಮ ಕೊಟ್ಟಿದ್ದು ಅಕ್ಕ. ನಾನೇ ಮಲಗಿಸಿ ಹೋಗ್ತೀನಿ."

ಲಿಲ್ಲಿ ಗಡಿಯಾರ ನೋಡಿದಳು. ನಾನು ಬೇಡವೆನ್ನಲಿಲ್ಲ. ರಾಜನನ್ನೂ ರಾಣಿಯನ್ನೂ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿ ಅವಳು ಕೈ ಮುಗಿಯುತ್ತಿದ್ದಾಗ ಗೇಟಿನ ಸದ್ದಾಯಿತು. ಕಮಲಮ್ಮನವರು. ಮನೆಯಲ್ಲಿ ಒಬ್ಬಳೇ ಇರಲು ಬೇಜಾರು ಅನ್ನುತ್ತಾ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಅಕ್ಕಪಕ್ಕದ ಮನೆಗಳ ಟಿವಿಯಿಂದ ಮೆರವಣಿಗೆಯ ಡೊಳ್ಳಿನ ಸದ್ದು ಬರುತ್ತಿತ್ತು. ಅವರು ಗೊಂಬೆಗಳನ್ನು ನೋಡಿದರು.

"ಮಧ್ಯಾಹ್ನ ಎರಡು ಗಂಟೆಗೆ ಯಾರಾದ್ರೂ ಗೊಂಬೆ ಮಲಗಿಸ್ತಾರೇನೇ? ದೀಪ ಹಚ್ಚಿದ ಮೇಲೆ ಅಲ್ವಾ?"

ಇಷ್ಟು ದಿನ ಸಂಪ್ರದಾಯವೇ ನಮ್ಮನ್ನು ಕಾದಿತ್ತು, ಈಗ ಅದೇ ಹಿಡಿದುಕೊಟ್ಟಿತು. ಅವರ ಕಣ್ಣು ಯಂತ್ರದ ಕೆಳಗಿನ ಚೀಲಕ್ಕೆ ಹೋಯಿತು. ಅಲ್ಲಿಂದ ಲಿಲ್ಲಿಯ ಕಾಲಿನ ಚಪ್ಪಲಿಗೆ. ಅಲ್ಲಿಂದ ಸೊಸೆಯ ಎಡಗೈಗೆ ಬಂದು ಅಲ್ಲೇ ನಿಂತಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಅವರು ಒಂದು ಫೋನ್ ಮಾಡಿದ್ದರೆ ಸಾಕಿತ್ತು.

"ನಂಗ್ಯಾಕೋ ತಲೆ ಭಾರ" ಅಂದು ಎದ್ದರು. "ಮನೆಗೋಗಿ ಮಾತ್ರೆ ನುಂಗಿ ಮಲಗ್ತೀನಿ. ಮಾತ್ರೆ ತೊಗೊಂಡ್ರೆ ಸಂಜೆವರೆಗೂ ಎಚ್ಚರ ಆಗಲ್ಲ ನಂಗೆ." ಬಾಗಿಲ ಹತ್ತಿರ ನಿಂತು, ತಿರುಗದೆಯೇ ಕೇಳಿದರು. "ಊಟ ಮಾಡಿದ್ಯೇನೇ?"

"ಹೂಂ ಅತ್ತೆ."

ಅವರು ಗೇಟು ಹಾಕಿಕೊಂಡು ಹೋದರು. ಮಗನ ಬಗ್ಗೆ ಏಳು ವರ್ಷ ಕಣ್ಣು ಮುಚ್ಚಿಕೊಂಡೇ ಇದ್ದವರು ಆ ದಿನ ಇನ್ನೂ ಮೂರು ಗಂಟೆ ಮುಚ್ಚಿಕೊಂಡರು. ಅದಕ್ಕೆ ಋಣಿಯಾಗಿರಬೇಕೋ, ಹಿಂದಿನ ಏಳು ವರ್ಷಕ್ಕೆ ಸಿಟ್ಟಾಗಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಲಿಲ್ಲಿಯನ್ನೂ ಶ್ವೇತಾಳನ್ನೂ ಕೂರಿಸಿಕೊಂಡು ಆಟೋ ಹೊರಟಿತು. ನಾನು ಹಜಾರದಲ್ಲಿ ಫೋನ್ ಹಿಡಿದು ಕೂತೆ. ಅರಮನೆಯ ಕಡೆಯಿಂದ ಫಿರಂಗಿ ಹಾರಿಸುವ ಸದ್ದು ಕೇಳಿತು. ಒಂದೊಂದು ಸದ್ದಿಗೂ ಬೆಚ್ಚುತ್ತಿದ್ದೆ. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಲಿಲ್ಲಿಯ ಫೋನ್ ಬಂತು. "ಬಸ್ಸಲ್ಲಿದ್ದೀವಿ ಅಕ್ಕ. ಊರು ದಾಟಿ ಬಹಳ ಹೊತ್ತಾಯ್ತು. ಮಲಗಿದ್ದಾಳೆ."

ಸಂಜೆ ಪ್ರಸನ್ನ ಬಂದು ಬಾಗಿಲು ಗುದ್ದಿದ. ಆ ದಿನ ಅವನ ದನಿ ಬೀದಿಗೆಲ್ಲ ಕೇಳಿಸಿತು. ನಮ್ಮ ಯಜಮಾನರು ಜಗಲಿಯಲ್ಲಿ ನಿಂತರು, ಅಕ್ಕಪಕ್ಕದವರು ಹೊರಗೆ ಬಂದರು. ಸಹಾಯವಾಣಿಯವರು ಹೇಳಿಕೊಟ್ಟಂತೆ ಶ್ವೇತಾ ತಾನಿಳಿದ ಊರಿನ ಠಾಣೆಯಲ್ಲಿ ಸ್ವಂತ ಇಚ್ಛೆಯಿಂದ ಬಂದಿದ್ದೇನೆ, ಗಂಡನಿಂದ ಜೀವಭಯವಿದೆ ಎಂದು ಬರೆದುಕೊಟ್ಟಿದ್ದಳು. ಹಾಗಾಗಿ ಅವನು ಕೊಟ್ಟ ದೂರು ನಿಲ್ಲಲಿಲ್ಲ. ಆದರೂ ತಿಂಗಳುಗಟ್ಟಲೆ ಸ್ಕೂಟರ್ ನಿಧಾನವಾದ ಸದ್ದು ಕೇಳಿದರೆ ನಾನು ಚಿಲಕ ಹಾಕುತ್ತಿದ್ದೆ. ಕೋರ್ಟಿನ ಓಡಾಟ ಮುಗಿಯಲು ಮೂರು ವರ್ಷ ಹಿಡಿಯಿತು. ಅವನು ಮನೆ ಮಾರಿ ತಾಯಿಯನ್ನು ಕರೆದುಕೊಂಡು ಬೇರೆ ಬಡಾವಣೆಗೆ ಹೋದ. ಈಗಲೂ ಎಲ್ಲೋ ಯಾರಿಗೋ ನಮಸ್ಕಾರ ಹೇಳುತ್ತಿರಬೇಕು.

ಗೊಂಬೆ ಪೆಟ್ಟಿಗೆ ಇಳಿಸಿದ ಮಾರನೆಯ ದಿನ ಶ್ವೇತಾ ಬಂದಳು. ಆವತ್ತು ಹೋದವಳು ಈ ಊರಿಗೆ ಕಾಲಿಟ್ಟದ್ದು ಇದೇ ಮೊದಲು. ಈಗ ಅವಳದೇ ಒಂದು ಬಾಡಿಗೆ ಮನೆಯಿದೆ, ಈ ವರ್ಷ ಗೊಂಬೆ ಅಲ್ಲೇ ಕೂರಿಸುತ್ತಾಳಂತೆ. ಜೋಡಿಯನ್ನು ಒಯ್ಯಲು ಬಂದವಳು ಜೊತೆಗೊಂದು ರವಿಕೆ ಬಟ್ಟೆಯನ್ನೂ ತಂದಿದ್ದಳು, ಅರಿಶಿನ ಬಣ್ಣದ್ದು. ಲಿಲ್ಲಿ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

ನಾನು ಟೇಪ್ ಹಿಡಿದೆ. ತೋಳಿನ ಮೇಲೆ ಯಾವ ಗುರುತೂ ಇರಲಿಲ್ಲ. ಎಷ್ಟು ಸಂತೋಷವಾಯಿತೆಂದರೆ, ಅವಳು ಬಾಯಿ ತೆರೆಯುವ ಮೊದಲೇ ಪುಸ್ತಕದಲ್ಲಿ ತೋಳು ಐದು ಇಂಚು ಎಂದು ಬರೆದುಬಿಟ್ಟಿದ್ದೆ. ಬರೆದ ಮೇಲೆ ಕೈ ನಿಂತಿತು. ನನಗೆ ಇನ್ನೂ ಬುದ್ಧಿ ಬಂದಿಲ್ಲವಲ್ಲ ಅನಿಸಿತು. ಬರೆದದ್ದನ್ನು ಹೊಡೆದು ಹಾಕಿದೆ.

"ತೋಳು ಎಷ್ಟಿಡ್ಲಿ ಶ್ವೇತಾ?"

ಅವಳು ಕನ್ನಡಿಯ ಮುಂದೆ ನಿಂತು ಕೈ ಮುಂದೆ ಚಾಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಎರಡು ಬೆರಳು ಈಗಲೂ ಸ್ವಲ್ಪ ಸೊಟ್ಟ. ಬಹಳ ಹೊತ್ತು ಯೋಚಿಸಿದಳು. ನಾನು ಪೆನ್ನು ಹಿಡಿದು ಕಾದೆ.

"ಹತ್ತೂವರೆನೇ ಇಡಿ ಅಕ್ಕ" ಅಂದಳು. "ಮೊಣಕೈವರೆಗೆ ಬಂದ್ರೆ ನಂಗೆ ಚೆನ್ನಾಗಿ ಕಾಣುತ್ತೆ."